ಲೈಕ್ ಇದೆ, ಆರ್ಡರ್ ಇಲ್ಲ: ಸಣ್ಣ ಅಂಗಡಿಯ ಸೋಶಿಯಲ್ ಮೀಡಿಯಾ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಕ್ರಮ

ಮುಂಬೈಯ ಮಾಟುಂಗದಲ್ಲಿ ಹೂವಿನ ಅಂಗಡಿ ಇಟ್ಟವರು, ಡೊಂಬಿವಲಿಯ ಮನೆಯಲ್ಲಿ ಪತ್ರೊಡೆ, ಹೋಳಿಗೆ ಮಾಡಿ ಕೊಡುವವರು, ಪುಣೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುವವರು, ಗೋವಾದ ವಾಸ್ಕೋದಲ್ಲಿ ಟೇಲರಿಂಗ್ ಮಾಡುವವರು, ಇವರೆಲ್ಲರಿಗೂ ವ್ಯಾಪಾರ ಕುಂದಿದಾಗ ಸಿಗುವ ಮೊದಲ ಸಲಹೆ ಒಂದೇ: "ಸ್ವಲ್ಪ ದುಡ್ಡು ಹಾಕಿ ಬೂಸ್ಟ್ ಮಾಡಿ." ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಆ ದಾರಿ ಕೊನೆಯ ಮದ್ದು. ಗಿರಾಕಿ ನಿಮ್ಮನ್ನು ನೋಡಬೇಕು, ನಂಬಬೇಕು, ಬೆಲೆ ಕೇಳಬೇಕು, ದುಡ್ಡು ಕೊಡಬೇಕು. ಈ ನಾಲ್ಕರಲ್ಲಿ ಎಲ್ಲಿ ನಿಂತುಹೋಗಿದೆ ಎಂದು ತಿಳಿಯದೆ ಹಾಕಿದ ದುಡ್ಡು ಹೋದಂತೆಯೇ. ಖರ್ಚಿಲ್ಲದ ತಪಾಸಣೆಗಳು ಮೊದಲು, ಕಷ್ಟದವು ಆಮೇಲೆ ಎಂಬ ಕ್ರಮದಲ್ಲಿ ಇಲ್ಲಿ ಬರೆದಿದೆ. ಆ್ಯಪ್‌ಗಳ ಮೆನು ಆಗಾಗ ಜಾಗ ಬದಲಿಸುತ್ತದೆ. ಹೇಳಿದ ಕಡೆ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ಅದೇ ಹೆಸರು ಹಾಕಿ ನೋಡಿ.

ಎಲ್ಲಕ್ಕೂ ಮೊದಲು ಮಾಡಬೇಕಾದ ಪರೀಕ್ಷೆ

ನಿಮ್ಮ ಖಾತೆಯನ್ನು ಫಾಲೋ ಮಾಡದವರೊಬ್ಬರ ಫೋನ್ ಹತ್ತು ನಿಮಿಷ ಕೇಳಿ ತೆಗೆದುಕೊಳ್ಳಿ. ಅಂಗಡಿಯ ಹೆಸರು ಹಾಕಿ ಹುಡುಕಿ. ಆಮೇಲೆ ಹೆಸರು ಬಿಟ್ಟು "ಹೋಳಿಗೆ ಡೊಂಬಿವಲಿ" ಎಂಬಂತೆ ವಸ್ತು ಮತ್ತು ಜಾಗ ಹಾಕಿ ಹುಡುಕಿ. ಸಿಕ್ಕಿದ ಪುಟದಿಂದ ನಿಜವಾಗಿ ಆರ್ಡರ್ ಕೊಡಲು ಹೊರಡಿ: ಲಿಂಕ್ ಒತ್ತಿ, ವಾಟ್ಸಾಪ್ ತೆರೆಯುತ್ತದೆಯೇ ನೋಡಿ, ಬೆಲೆ ಕಾಣುತ್ತದೆಯೇ ನೋಡಿ, ಫೋನ್ ಹಚ್ಚಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬುದನ್ನು ಬರೆದಿಡಿ. ನಿಮ್ಮ ಸ್ವಂತ ಫೋನಿನಲ್ಲಿ ಈ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಅದರಲ್ಲಿ ನಿಮ್ಮ ಖಾತೆ ಯಾವಾಗಲೂ ಮೊದಲೇ ಕಾಣುತ್ತದೆ.

ಇನ್ನೊಂದು ಹಾಳೆಯಲ್ಲಿ ಪಟ್ಟಿ ಮಾಡಿ: ಯಾವ ಖಾತೆ ಯಾವ ಸಿಮ್‌ನಲ್ಲಿದೆ, ಯಾವ ಇಮೇಲ್‌ಗೆ ಕಟ್ಟಿದೆ, ಆ ಸಿಮ್ ಮತ್ತು ಇಮೇಲ್ ಇವತ್ತು ಯಾರ ಕೈಯಲ್ಲಿವೆ. ಒಂದು ಖಾನೆ ಖಾಲಿ ಉಳಿದರೂ ಉಳಿದದ್ದನ್ನೆಲ್ಲ ಬಿಟ್ಟು ಕೆಳಗಿನ "ಖಾತೆ ನಮ್ಮದು, ಒಳಗೆ ಹೋಗಲಾಗುತ್ತಿಲ್ಲ" ಭಾಗಕ್ಕೆ ಹೋಗಿ.

ಪೋಸ್ಟ್ ಹಾಕಿದರೂ ಯಾರೂ ನೋಡುತ್ತಿಲ್ಲ

ಇನ್‌ಸ್ಟಾಗ್ರಾಂ ಆದರೆ ಖಾತೆ ಪ್ರೊಫೆಷನಲ್ ಆಗಿದೆಯೇ, ಇನ್ನೂ ಪರ್ಸನಲ್ ಆಗಿಯೇ ಉಳಿದಿದೆಯೇ ನೋಡಿ. ಪರ್ಸನಲ್ ಖಾತೆ ಪ್ರೈವೇಟ್ ಆಗಿದ್ದರೆ ಹೊಸಬರಿಗೆ ಏನೂ ಕಾಣುವುದಿಲ್ಲ. ಮನೆಯವರ ಫೋಟೋ ಹಾಕುತ್ತಿದ್ದ ಖಾತೆಯನ್ನೇ ಅಂಗಡಿಗೆ ಬಳಸಿದಾಗ ಇದು ಸಾಮಾನ್ಯ. ಪ್ರೊಫೆಷನಲ್‌ಗೆ ಬದಲಿಸಲು ದುಡ್ಡು ಬೇಡ. ಬದಲಿಸಿದ ಮೇಲೆ ಇನ್‌ಸೈಟ್ಸ್, ಅಂದರೆ ಯಾರು, ಎಷ್ಟು ಜನ ನೋಡಿದರು ಎಂಬ ಲೆಕ್ಕ ಸಿಗುತ್ತದೆ, ಮುಂದಿನ ತಪಾಸಣೆಗೆಲ್ಲ ಅದೇ ಆಧಾರ.

ಎರಡನೆಯದು ಸೆಟ್ಟಿಂಗ್ಸ್‌ನಲ್ಲಿ "ಅಕೌಂಟ್ ಸ್ಟೇಟಸ್". ನಿಮ್ಮ ಪೋಸ್ಟ್‌ಗಳನ್ನು ಫಾಲೋ ಮಾಡದವರಿಗೂ ತೋರಿಸಲಾಗುತ್ತದೆಯೇ ಇಲ್ಲವೇ ಎಂದು ಅಲ್ಲಿ ನೇರವಾಗಿ ಬರೆದಿರುತ್ತದೆ. ತಡೆ ಇದ್ದರೆ ಯಾವ ಪೋಸ್ಟಿನಿಂದ ಎಂದೂ ಕಾಣುತ್ತದೆ. ಆ ಪೋಸ್ಟ್ ತೆಗೆಯಿರಿ, ಇಲ್ಲವೇ ಅಲ್ಲಿಂದಲೇ ಮರುಪರಿಶೀಲನೆ ಕೇಳಿ. ತಡೆ ಏನೂ ಇಲ್ಲವೆಂದರೆ "ಶ್ಯಾಡೋಬ್ಯಾನ್ (ಗುಟ್ಟಾದ ತಡೆ) ಆಗಿದೆ, ತೆಗೆಸಿಕೊಡುತ್ತೇವೆ" ಎಂದು ದುಡ್ಡು ಕೇಳುವವರ ಮಾತಿಗೆ ಮರುಳಾಗಬೇಡಿ.

ಮೂರನೆಯದು, ಮುಂಬೈ, ಪುಣೆ, ಗೋವಾದ ಕನ್ನಡಿಗರ ಖಾತೆಗಳಲ್ಲಿ ತುಂಬ ಮುಖ್ಯವಾದದ್ದು. ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳು ಯಾವ ಊರಿನವರು ಎಂದು ನೋಡಿ. ಕನಿಷ್ಠ ನೂರು ಫಾಲೋವರ್‌ಗಳಿದ್ದರೆ ಈ ಪಟ್ಟಿ ಕಾಣುತ್ತದೆ. ಅಂಗಡಿ ಠಾಣೆಯಲ್ಲಿ, ಫಾಲೋವರ್‌ಗಳು ಉಡುಪಿ, ಹುಬ್ಬಳ್ಳಿ, ವಿಜಯಪುರದಲ್ಲಿ! ಊರಿನ ನೆಂಟರಿಷ್ಟರು, ಶಾಲೆಯ ಗೆಳೆಯರು ಪ್ರೀತಿಯಿಂದ ಲೈಕ್ ಒತ್ತುತ್ತಾರೆ, ಆದರೆ ಠಾಣೆಗೆ ಬಂದು ರೊಟ್ಟಿ ಕೊಳ್ಳುವವರು ಅವರಲ್ಲ. ಹೊಸ ಪೋಸ್ಟನ್ನು ಆ್ಯಪ್ ಬಹಳಷ್ಟು ಸಲ ಮೊದಲು ಫಾಲೋವರ್‌ಗಳಿಗೆ ತೋರಿಸುತ್ತದೆ. ಅವರು ದೂರದವರಾದರೆ ಹರಡುವುದೂ ದೂರದಲ್ಲೇ. ಇದನ್ನು ಸರಿಪಡಿಸಲು ಯಾರನ್ನೂ ತೆಗೆಯಬೇಕಿಲ್ಲ. ಪ್ರತಿ ಪೋಸ್ಟಿನ ಮೊದಲ ಸಾಲಿನಲ್ಲೇ ಬಡಾವಣೆಯ ಹೆಸರು ಬರಲಿ, ಲೊಕೇಶನ್ ಟ್ಯಾಗ್ "ಮುಂಬೈ" ಬದಲು "ಮುಲುಂಡ್ ಪೂರ್ವ" ಆಗಲಿ, ಪಕ್ಕದ ಅಂಗಡಿ, ಸೊಸೈಟಿ, ಭಜನಾ ಮಂಡಳಿಯ ಖಾತೆಗಳ ಜೊತೆ ಒಡನಾಟ ಬೆಳೆಯಲಿ. ಎಂಟು ಹತ್ತು ವಾರ ಹೀಗೆ ನಡೆಸಿದ ಮೇಲೆ ಊರುಗಳ ಪಟ್ಟಿ ಮತ್ತೆ ತೆರೆದು ಹೋಲಿಸಿ.

ರೀಲ್ಸ್‌ಗೆ ಮಾತ್ರ ನೋಟ ಬರುತ್ತಿಲ್ಲವೆಂದರೆ ಬೇರೆ ಆ್ಯಪಿನ ಗುರುತು ವಿಡಿಯೋ ಮೇಲೆ ಉಳಿದಿದೆಯೇ ನೋಡಿ. ಎಡಿಟಿಂಗ್ ಆ್ಯಪಿನ ಲೋಗೋ ಇರುವ ವಿಡಿಯೋವನ್ನು ಹೊಸಬರಿಗೆ ತೋರಿಸುವುದು ಕಡಿಮೆ. ಧ್ವನಿ ಮಾಯವಾಗಿದ್ದರೆ ಅದು ಹಾಡಿನ ಹಕ್ಕಿನ ವಿಷಯ. ಪ್ರೊಫೆಷನಲ್‌ನಲ್ಲೇ ಒಂದು ಬಗೆಯಾದ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳ ಪೂರ್ತಿ ಭಂಡಾರ ಸಿಗುವುದಿಲ್ಲ. ಹಾಡಿಗಾಗಿ ಖಾತೆಯನ್ನು ಮತ್ತೆ ಪರ್ಸನಲ್ ಮಾಡುವವರಿದ್ದಾರೆ. ಹಾಗೆ ಮಾಡಿದರೂ ವ್ಯಾಪಾರಕ್ಕೆ ಆ ಹಾಡು ಬಳಸುವ ಹಕ್ಕು ಸಿಗುವುದಿಲ್ಲ, ಇನ್‌ಸೈಟ್ಸ್ ಮಾತ್ರ ಕೈತಪ್ಪುತ್ತದೆ. ಕಾವಲಿ ಮೇಲೆ ನೀರುದೋಸೆ ಹೊಯ್ಯುವ ಸದ್ದು, ನಿಮ್ಮದೇ ಮಾತು, ಇಷ್ಟು ಸಾಕು. ಲೋಕಲ್ ರೈಲಿನಲ್ಲಿ ಸದ್ದು ಮುಚ್ಚಿ ನೋಡುವವರು ಬಹಳ, ಆದ್ದರಿಂದ ವಸ್ತು, ಬೆಲೆ, ಜಾಗ ಮೂರೂ ವಿಡಿಯೋ ಮೇಲೆ ಅಕ್ಷರದಲ್ಲಿರಲಿ.

ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಟೇಲರ್, ಖಾನಾವಳಿ, ಝೆರಾಕ್ಸ್ ಅಂಗಡಿಯ ಗಿರಾಕಿಗಳು ಮರಾಠಿ, ಹಿಂದಿ, ಗೋವಾದಲ್ಲಾದರೆ ಕೊಂಕಣಿಯವರೂ ಇರುತ್ತಾರೆ. ಮೊದಲ ಸಾಲು ಅವರ ಭಾಷೆಯಲ್ಲಿರಲಿ, ಕೆಳಗೆ ಕನ್ನಡ ಇರಲಿ. ಮಾರುವುದು ಪತ್ರೊಡೆ, ಮೂಡೆ, ಧಾರವಾಡ ಪೇಡೆ, ಇಳಕಲ್ ಸೀರೆಯಾದರೆ ಕನ್ನಡವೇ ಮೊದಲು ಬರಲಿ. ಪರಊರಿನಲ್ಲಿ ಆ ಪದವನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕುವವರು ಕೊಳ್ಳಲೆಂದೇ ಹೊರಟವರು. ಅವರಿಗೆ ಸಿಗುವಂತೆ ಬರೆದವರು ಇನ್ನೂ ಕಡಿಮೆ.

ಫಾಲೋವರ್ ಸಾವಿರಾರು, ನೋಟ ಇಪ್ಪತ್ತೋ ಮೂವತ್ತೋ ಇದ್ದರೆ ಹಿಂದೆ ಯಾರೋ ಫಾಲೋವರ್ ಕೊಂಡಿರಬೇಕು. ಆ ಖಾತೆಗಳಲ್ಲಿ ಜೀವವಿಲ್ಲ. ಒಂದೊಂದನ್ನೇ ತೆಗೆಯುತ್ತ ಕೂರುವುದಕ್ಕಿಂತ ಹೊಸ ಖಾತೆ ತೆರೆದು ಹಳೆಯದರಲ್ಲಿ ವಿಳಾಸ ಹಾಕುವುದು ಸಲೀಸು.

ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ

ಇದೇ ದೊಡ್ಡ ಕಾಯಿಲೆ, ಮದ್ದು ಬಹಳ ಸಲ ಸಣ್ಣದು. ಬೇರೆಯವರ ಫೋನಿನ ಪರೀಕ್ಷೆಯಲ್ಲಿ ಬರೆದಿಟ್ಟದ್ದನ್ನು ಎದುರಿಗೆ ಇಟ್ಟುಕೊಳ್ಳಿ.

ವಾಟ್ಸಾಪ್ ಲಿಂಕ್ ತೆರೆಯದಿದ್ದರೆ ನಂಬರ್ ಬರೆದ ರೀತಿ ನೋಡಿ. ಆ ಲಿಂಕಿನ ನಂಬರಿನ ಜಾಗದಲ್ಲಿ 91, ಆಮೇಲೆ ಹತ್ತು ಅಂಕಿ, ಅಷ್ಟೇ ಇರಬೇಕು. ಮುಂದೆ ಸೊನ್ನೆ, ಪ್ಲಸ್ ಗುರುತು, ನಡುವೆ ಅಡ್ಡಗೆರೆ ಇದ್ದರೆ ಕೆಲಸ ಮಾಡದೆ ಹೋಗಬಹುದು. ಕೈಯಿಂದ ಬರೆಯುವುದೇ ಬೇಡ. ವಾಟ್ಸಾಪ್ ಬಿಸಿನೆಸ್ ಆ್ಯಪಿನ ಬಿಸಿನೆಸ್ ಟೂಲ್ಸ್‌ನಲ್ಲಿ "ಶಾರ್ಟ್ ಲಿಂಕ್" ಇದೆ, ಅದನ್ನೇ ನಕಲು ಮಾಡಿ ಹಾಕಿ. ಗಿರಾಕಿ ಒತ್ತಿದ ಕೂಡಲೇ "ಬೆಲೆ ಪಟ್ಟಿ ಕಳಿಸಿ" ಎಂಬಂಥ ಮಾತು ಟೈಪ್ ಆಗಿ ಸಿದ್ಧವಾಗಿರುವಂತೆಯೂ ಅಲ್ಲಿ ಇಡಬಹುದು. ಹೊಸಬರಿಗೆ ಏನು ಕೇಳುವುದೆಂಬ ಸಂಕೋಚ ತಪ್ಪುತ್ತದೆ.

ಲಿಂಕ್ ಸರಿ ಇದ್ದೂ ಸಂದೇಶ ಬರದಿದ್ದರೆ ಬೆಲೆ ಕಾಣುತ್ತಿದೆಯೇ ನೋಡಿ. "ಬೆಲೆಗೆ ಮೆಸೇಜ್ ಮಾಡಿ" ಎಂದು ಬರೆದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಬೆಲೆ ದಿನಾ ಏರಿಳಿಯುವ ಮಲ್ಲಿಗೆಯಂಥ ವಸ್ತುವಿಗೂ "ಇವತ್ತಿನ ದರ" ಎಂದು ಬೆಳಿಗ್ಗೆ ಸ್ಟೇಟಸ್ ಹಾಕಬಹುದು. ಉಳಿದದ್ದಕ್ಕೆ ವಾಟ್ಸಾಪ್ ಕ್ಯಾಟಲಾಗ್ ಸಾಕು. ಅದರಲ್ಲಿ 500 ವಸ್ತುಗಳವರೆಗೆ ಹಾಕಬಹುದು, ಆದರೆ ನಿಮಗೆ ಬೇಕಾದದ್ದು ಹದಿನೈದಿಪ್ಪತ್ತು. ಒಂದೊಂದಕ್ಕೂ ಹಗಲು ಬೆಳಕಿನ ಒಂದು ಫೋಟೋ, ತೂಕ ಅಥವಾ ಸಂಖ್ಯೆ, ಬೆಲೆ, ಎಷ್ಟು ದಿನ ಕೆಡುವುದಿಲ್ಲ ಎಂಬುದು ಇರಲಿ. "ಹೋಳಿಗೆ" ಎಂದಷ್ಟೇ ಬಿಡದೆ "ಕಡಲೆಬೇಳೆ ಹೋಳಿಗೆ, 10ರ ಪ್ಯಾಕ್" ಎಂದಿದ್ದರೆ ಅರ್ಧ ಪ್ರಶ್ನೆ ಕೇಳುವುದೇ ತಪ್ಪುತ್ತದೆ.

ಬೆಲೆ ಕೇಳಿ ಸುಮ್ಮನಾಗುತ್ತಾರೆ ಎಂದರೆ ಅದು ಡೆಲಿವರಿಯ ಲಕ್ಷಣ. ಎಲ್ಲಿಗೆ ಕೊಡುತ್ತೀರಿ, ಎಷ್ಟು ರೂಪಾಯಿ, ಎಷ್ಟು ಗಂಟೆಯೊಳಗೆ ಹೇಳಿದರೆ ಅದೇ ದಿನ ಸಿಗುತ್ತದೆ ಎಂಬುದು ಬೆಲೆಯ ಜೊತೆಯಲ್ಲೇ ಹೋಗಬೇಕು. 200 ರೂಪಾಯಿಯ ರೊಟ್ಟಿಗೆ ಕೊನೆಯಲ್ಲಿ 120 ರೂಪಾಯಿ ಡೆಲಿವರಿ ಎಂದರೆ ಯಾರೇ ಆದರೂ ಹಿಂಜರಿಯುತ್ತಾರೆ. ವಾರದಲ್ಲಿ ಎರಡು ದಿನ ನಿಗದಿ ಮಾಡಿ, ಒಂದು ಸೊಸೈಟಿಯ ಆರ್ಡರ್‌ಗಳನ್ನೆಲ್ಲ ಒಟ್ಟಿಗೆ ಕಳಿಸಿದರೆ ಆ ಖರ್ಚು ಹಂಚಿಹೋಗುತ್ತದೆ. ಇಲ್ಲವೇ ಸ್ಟೇಷನ್ ಹೊರಗೆ ಇಂತಿಷ್ಟು ಹೊತ್ತಿಗೆ ಕೈಗೆ ಕೊಡುವ ಏರ್ಪಾಡು ಮಾಡಿ.

ಸಂದೇಶ ಬಂದಿದೆ, ನೀವು ನೋಡಿಲ್ಲ! ಇದೂ ಆಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹೊಸಬರ ಸಂದೇಶ "ರಿಕ್ವೆಸ್ಟ್ಸ್" ಎಂಬ ಬೇರೆ ಜಾಗಕ್ಕೆ ಬೀಳುತ್ತದೆ, ಅದರೊಳಗೆ "ಹಿಡನ್" ಎಂದು ಇನ್ನೊಂದು ಇರುತ್ತದೆ. ಫೇಸ್‌ಬುಕ್ ಪೇಜಿನ ಸಂದೇಶ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆತನದ ಕಂಪನಿ ಮೆಟಾದ "ಮೆಟಾ ಬಿಸಿನೆಸ್ ಸೂಟ್" ಆ್ಯಪಿನಲ್ಲಿ ಬರುತ್ತದೆ. ಎರಡನ್ನೂ ದಿನಕ್ಕೆ ಎರಡು ಹೊತ್ತು ನೋಡಿ. ಅಡುಗೆಯ ಹೊತ್ತಿನಲ್ಲಿ ಉತ್ತರ ಕೊಡಲಾಗದಿದ್ದರೆ ವಾಟ್ಸಾಪ್‌ನ ಅವೇ ಮೆಸೇಜಿನಲ್ಲಿ "ಮಧ್ಯಾಹ್ನ 3ರ ನಂತರ ಉತ್ತರಿಸುತ್ತೇವೆ" ಎಂದು ಹಾಕಿ, ಹೇಳಿದ ಹೊತ್ತಿಗೆ ತಪ್ಪದೆ ಉತ್ತರಿಸಿ.

ಆಹಾರ ಮಾರುವವರ ಪುಟದಲ್ಲಿ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ ಕಾಣಲಿ. ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಕಡ್ಡಾಯ. ಫುಡ್ ಬ್ಲಾಗರ್‌ಗೆ ದುಡ್ಡು ಅಥವಾ ಪುಕ್ಕಟೆ ಊಟ ಕೊಟ್ಟು ರೀಲ್ ಮಾಡಿಸಿದ್ದರೆ ಅದು ಜಾಹೀರಾತು ಎಂದು ಆ ರೀಲಿನಲ್ಲೇ ಸ್ಪಷ್ಟವಾಗಿ ಹೇಳಬೇಕು. ಗ್ರಾಹಕ ರಕ್ಷಣೆಯ ಈ ನಿಯಮವನ್ನು ಬ್ಲಾಗರ್‌ಗೆ ಮೊದಲೇ ತಿಳಿಸಿ.

ವಾಟ್ಸಾಪ್ ಸಂದೇಶ ಅರ್ಧ ಜನಕ್ಕೇ ತಲುಪುತ್ತದೆ

ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನ ನಿಯಮ ಇದು: ಒಂದು ಲಿಸ್ಟಿನಲ್ಲಿ 256 ಜನ, ಅವರಲ್ಲಿ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ನೀವು ಅವರನ್ನು ಸೇವ್ ಮಾಡಿಕೊಂಡರೆ ಸಾಲದು. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು "ಇನ್ಫೋ" ನೋಡಿ. ತಲುಪಿದವರ ಪಟ್ಟಿಯಲ್ಲಿ ಯಾವತ್ತೂ ಇಲ್ಲದವರಿಗೆ ಮುಂದಿನ ಸಲ ಪೊಟ್ಟಣ ಕೊಡುವಾಗ "ನಂಬರ್ ಸೇವ್ ಮಾಡಿಕೊಳ್ಳಿ ಅಕ್ಕ, ಸೋಮವಾರದ ಮೆನು ಕಳಿಸುತ್ತೇವೆ" ಎಂದು ಬಾಯಲ್ಲೇ ಹೇಳಿ. ಡಬ್ಬದ ಮೇಲೆ ಚೀಟಿ ಅಂಟಿಸಿದರೂ ಆದೀತು.

ಮೊದಲು ತಲುಪುತ್ತಿತ್ತು, ಈಗ ಕಡಿಮೆಯಾಗಿದೆ ಎಂದರೆ ಜನ ಬ್ಲಾಕ್ ಮಾಡಿದ್ದಾರೆ ಎಂದೇ ತಿಳಿಯಿರಿ. ದಿನಾ ಶುಭೋದಯ, ಸುಭಾಷಿತ ಕಳಿಸುವ ಅಂಗಡಿಗೆ ಆಗುವುದೇ ಇದು. ವಾರಕ್ಕೆ ಒಂದು ಅಥವಾ ಎರಡು ಸಂದೇಶ, ಅದರಲ್ಲಿ ಮೆನು, ಬೆಲೆ, ಕೊನೆಯ ಹೊತ್ತು, ಇಷ್ಟೇ ಇರಲಿ. ಗಣೇಶ ಚತುರ್ಥಿಗೆ ಮೋದಕ, ಚಕ್ಕುಲಿ ಬೇಕಾದವರು ಹಬ್ಬದ ಹಿಂದಿನ ದಿನ ಹುಡುಕುವುದಿಲ್ಲ, ಹತ್ತು ದಿನ ಮೊದಲೇ ಕಳಿಸಿ. ಯಾರನ್ನೂ ಕೇಳದೆ ಗ್ರೂಪಿಗೆ ಸೇರಿಸಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಂಗಸರೇ ಹೆಚ್ಚಾಗಿರುವ ಸೀರೆ ವ್ಯಾಪಾರದಲ್ಲಿ ಇದರಿಂದ ನಿಜವಾದ ಕಿರುಕುಳ ಆಗುತ್ತದೆ.

ವಾಟ್ಸಾಪ್ ನಂಬರೇ ಬಂದ್ ಆಗಿದೆ

"ಈ ಖಾತೆಗೆ ವಾಟ್ಸಾಪ್ ಬಳಸಲು ಅನುಮತಿ ಇಲ್ಲ" ಎಂಬ ಅರ್ಥದ ಸೂಚನೆ ಬಂದರೆ ಆ್ಯಪ್ ಅಳಿಸಿ ಮತ್ತೆ ಮತ್ತೆ ಹಾಕಬೇಡಿ. ಅದೇ ಪರದೆಯಲ್ಲಿ ಮರುಪರಿಶೀಲನೆ ಕೇಳುವ ಅವಕಾಶವಿದೆ, ಒಮ್ಮೆ ಕೇಳಿ ಕಾಯಿರಿ. ಸಾಮಾನ್ಯ ಕಾರಣಗಳು ಮೂರು: ಜಿಬಿ ವಾಟ್ಸಾಪ್‌ನಂಥ ನಕಲಿ ಆ್ಯಪ್, ಸಾವಿರಾರು ಜನಕ್ಕೆ ಒಟ್ಟಿಗೆ ಕಳಿಸುವ ಸಾಫ್ಟ್‌ವೇರ್, ಪರಿಚಯವಿಲ್ಲದ ನಂಬರ್‌ಗಳಿಗೆ ಸಂದೇಶ ಕಳಿಸಿ ರಿಪೋರ್ಟ್ ಆಗಿರುವುದು. "ಹತ್ತು ಸಾವಿರ ಮೊಬೈಲ್ ನಂಬರ್" ಎಂದು ಮಾರಾಟಕ್ಕೆ ಬರುವ ಪಟ್ಟಿಯನ್ನು ಕೊಳ್ಳಲೇಬೇಡಿ.

ಇನ್ನೊಂದು ಕಾರಣ ಸದ್ದಿಲ್ಲದೆ ಬರುತ್ತದೆ. ಹಳೆಯ ಫೋನಿನಲ್ಲಿ ಬಿದ್ದಿರುವ ಅಂಗಡಿಯ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಯಾವ ರೀತಿಯಲ್ಲೂ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಆಮೇಲೆ ನಂಬರ್ ಬೇರೆಯವರಿಗೆ ಹೋಗುತ್ತದೆ. ವಾಟ್ಸಾಪ್ ವೈಫೈಯಲ್ಲಿ ನಡೆಯುತ್ತಿರುವುದರಿಂದ ಗೊತ್ತೇ ಆಗುವುದಿಲ್ಲ. ಹೊಸದಾಗಿ ನಂಬರ್ ಪಡೆದವರು ಓಟಿಪಿ ಹಾಕಿದ ಕ್ಷಣ ನಿಮ್ಮ ಆ್ಯಪ್ ಹೊರಬೀಳುತ್ತದೆ. ಆ ಸಿಮ್‌ಗೆ ರೀಚಾರ್ಜ್ ತಪ್ಪಿಸಬೇಡಿ, ವಾಟ್ಸಾಪ್‌ನಲ್ಲಿ ಟು-ಸ್ಟೆಪ್ ವೆರಿಫಿಕೇಶನ್‌ನ (ಓಟಿಪಿಯ ಜೊತೆಗೆ ಕೇಳುವ ಎರಡನೆಯ ಬೀಗ) ಆರು ಅಂಕಿಯ ಪಿನ್ ಇವತ್ತೇ ಹಾಕಿ.

ಮ್ಯಾಪಿನಲ್ಲಿ ಅಂಗಡಿ ಸಿಗುವುದಿಲ್ಲ, ಅಥವಾ ಗಿರಾಕಿ ಬೇರೆಲ್ಲೋ ಹೋಗುತ್ತಾರೆ

ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲನ್ನು ಸೋಶಿಯಲ್ ಮೀಡಿಯಾ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹೋಟೆಲು, ಕ್ಲಿನಿಕ್, ಸಲೂನಿಗೆ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಖಾತೆ ಇನ್ನೊಂದಿಲ್ಲ, ಖರ್ಚೂ ಇಲ್ಲ.

ಮೊದಲು ಪಿನ್ ಎಲ್ಲಿ ಬಿದ್ದಿದೆ ನೋಡಿ. ಮಾಟುಂಗ ಸ್ಟೇಷನ್ ಸೆಂಟ್ರಲ್ ಲೈನಿನಲ್ಲಿ, ಮಾಟುಂಗ ರೋಡ್ ವೆಸ್ಟರ್ನ್ ಲೈನಿನಲ್ಲಿ, ಕಿಂಗ್ಸ್ ಸರ್ಕಲ್ ಹಾರ್ಬರ್ ಲೈನಿನಲ್ಲಿ. ಪಿನ್ ಹಳಿಯ ಆಚೆ ಬಿದ್ದಿದ್ದರೆ ಗಿರಾಕಿ ತಪ್ಪು ಸ್ಟೇಷನ್‌ನಲ್ಲಿ ಇಳಿದು ಸುತ್ತಬೇಕಾಗುತ್ತದೆ. ಪಿನ್ ಎಳೆದು ನಿಮ್ಮ ಶಟರ್ ಮೇಲೆ ಇಡಿ, ವಿವರಣೆಯಲ್ಲಿ ಹತ್ತಿರದ ಸ್ಟೇಷನ್, ಪೂರ್ವವೋ ಪಶ್ಚಿಮವೋ ಎಂದು ಬರೆಯಿರಿ.

ಆಮೇಲೆ ಹೆಸರು. ಬೋರ್ಡಿನ ಮೇಲೆ ಏನಿದೆಯೋ ಅದೇ ಇರಬೇಕು. "ಶ್ರೀ ಕೃಷ್ಣ ಟಿಫಿನ್ ಬೆಸ್ಟ್ ಉಡುಪಿ ಫುಡ್ ಠಾಣೆ" ಎಂದು ಉದ್ದ ಎಳೆದರೆ ಪ್ರೊಫೈಲ್ ಸಸ್ಪೆಂಡ್ ಆಗುವ ಅಪಾಯವಿದೆ. ಮನೆಯಿಂದ ಮಾರುವವರು, ಗಿರಾಕಿ ಮನೆಗೆ ಬರುವುದಿಲ್ಲವಾದರೆ, ವಿಳಾಸ ಮುಚ್ಚಿ ಸರ್ವಿಸ್ ಏರಿಯಾ (ನೀವು ತಲುಪಿಸುವ ಜಾಗಗಳು) ಹಾಕಬೇಕು. 20 ಜಾಗಗಳವರೆಗೆ ಹಾಕಬಹುದು. ಗೋವಾದಲ್ಲಿ ಮಳೆಗಾಲಕ್ಕೆ ಮುಚ್ಚುವವರು "ತಾತ್ಕಾಲಿಕವಾಗಿ ಮುಚ್ಚಿದೆ" ಎಂದು ಗುರುತು ಹಾಕಿ, ಸೀಸನ್‌ಗೆ ಮೊದಲು ನೆನಪಿಟ್ಟು ತೆಗೆಯಿರಿ. ತೆಗೆಯಲು ಮರೆತರೆ ಅಕ್ಟೋಬರ್‌ನ ಪ್ರವಾಸಿಗರು ಬಾಗಿಲ ತನಕವೂ ಬರುವುದಿಲ್ಲ.

ಅಂಗಡಿ ನಿಜವಾಗಿ ನಿಮ್ಮದೇ ಎಂದು ಗೂಗಲ್‌ಗೆ ತೋರಿಸುವ ವೆರಿಫಿಕೇಶನ್ ವಿಡಿಯೋ ತಿರಸ್ಕಾರವಾಗುತ್ತಿದ್ದರೆ ಕ್ರಮ ಹೀಗಿರಲಿ: ರಸ್ತೆಯ ಹೆಸರು ಅಥವಾ ಪಕ್ಕದ ಅಂಗಡಿ, ಆಮೇಲೆ ನಿಮ್ಮ ಬೋರ್ಡ್, ಕೀಲಿ ಹಾಕಿ ಶಟರ್ ಎತ್ತುವುದು, ಒಳಗಿನ ಸಾಮಾನು, ಗಲ್ಲಾ. ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ, ಕನಿಷ್ಠ 30 ಸೆಕೆಂಡ್ ತೆಗೆಯಬೇಕು. ಮುಂಬೈ, ಪುಣೆಯಲ್ಲಿ ಬೋರ್ಡ್ ದೇವನಾಗರಿಯಲ್ಲಿರುತ್ತದೆ, ಪ್ರೊಫೈಲಿನ ಹೆಸರು ಅದಕ್ಕೆ ಹೊಂದಲಿ. ಸಸ್ಪೆಂಡ್ ಆಗಿದ್ದರೆ ಮೇಲ್ಮನವಿ ಶುರು ಮಾಡುವ ಮೊದಲೇ ಗುಮಾಸ್ತಾ ಲೈಸೆನ್ಸ್ (ಅಂಗಡಿಯ ನೋಂದಣಿ ಪತ್ರ), ವಿದ್ಯುತ್ ಬಿಲ್, ಬೋರ್ಡಿನ ಫೋಟೋ ಕೈಯಲ್ಲಿರಲಿ. ದಾಖಲೆ ಹಾಕುವ ಫಾರ್ಮ್ ತೆರೆದ ಮೇಲೆ ಸಿಗುವುದು 60 ನಿಮಿಷ ಮಾತ್ರ.

ಕೆಟ್ಟ ರಿವ್ಯೂಗೆ ಎರಡು ಸಾಲಿನ ಶಾಂತ ಉತ್ತರ ಸಾಕು. ನಕಲಿ ಎನಿಸಿದರೆ ರಿಪೋರ್ಟ್ ಮಾಡಿ. ದುಡ್ಡು ಕೊಟ್ಟು ಒಳ್ಳೆಯ ರಿವ್ಯೂ ಕೊಳ್ಳುವುದು ನಿಯಮ ಮುರಿದಂತೆ, ಪ್ರೊಫೈಲಿಗೇ ಕುತ್ತು.

ಬೂಸ್ಟ್ ಮಾಡಿದೆವು, ದುಡ್ಡು ಹೋಯಿತು

ಮೇಲಿನದೆಲ್ಲ ಸರಿ ಇದ್ದ ಮೇಲೆ ಮಾತ್ರ ಇದು. ಗುರಿ ಏನೆಂದು ಆರಿಸಿದ್ದೀರಿ ನೋಡಿ. ಲೈಕ್, ಪ್ರೊಫೈಲ್ ಭೇಟಿ ಎಂದು ಆರಿಸಿದ್ದರೆ ಅವೇ ಬರುತ್ತವೆ. ಮೆಟಾ ಕೊಟ್ಟದ್ದು ನೀವು ಕೇಳಿದ್ದನ್ನೇ. ಆರ್ಡರ್ ಬೇಕಾದರೆ ವಾಟ್ಸಾಪ್ ಸಂದೇಶ ಬರುವ ಗುರಿ ಆರಿಸಿ.

ಜಾಗ ಆರಿಸುವುದರಲ್ಲಿ ಮುಂಬೈಯಲ್ಲಿ ಹೆಚ್ಚಿನವರು ಎಡವುತ್ತಾರೆ. ಮ್ಯಾಪಿನ ಮೇಲೆ ದುಂಡನೆ ವೃತ್ತ ಎಳೆಯುತ್ತಾರೆ, ಜನ ಓಡಾಡುವುದು ರೈಲಿನ ಉದ್ದಕ್ಕೆ. ಮಾಟುಂಗದ ಅಂಗಡಿಗೆ ಸಯನ್, ಘಾಟ್‌ಕೋಪರ್, ಮುಲುಂಡ್ ಹತ್ತಿರ, ಒಂದೇ ಲೈನು. ಬಾಂದ್ರಾ ಮ್ಯಾಪಿನಲ್ಲಿ ಪಕ್ಕವೇ ಇದ್ದರೂ ಮಾಟುಂಗ ಸ್ಟೇಷನ್ನಿಗೆ ಬರಲು ದಾದರ್‌ನಲ್ಲಿ ರೈಲು ಬದಲಿಸಬೇಕು. ವೃತ್ತ ಬಿಟ್ಟು ಬಡಾವಣೆಗಳನ್ನು ಒಂದೊಂದಾಗಿ ಆರಿಸಿ. ಗೋವಾದಲ್ಲಿ ಇನ್ನೊಂದು ತೊಡಕು: ಅಲ್ಲಿ ವಾಸಿಸುವವರ ಜೊತೆ ಈಚೆಗೆ ಬಂದುಹೋದವರಿಗೂ ಜಾಹೀರಾತು ತೋರುತ್ತದೆ. ಹೋಮ್‌ಸ್ಟೇಗೆ ಅದು ಲಾಭವೇ, ವಾಸ್ಕೋದ ಟ್ಯೂಷನ್ ಕ್ಲಾಸಿಗೆ ನಷ್ಟ. ಬರುವ ಸಂದೇಶಗಳಲ್ಲಿ ಹೊರಗಿನವರೇ ತುಂಬಿದ್ದರೆ ಜಾಹೀರಾತಿನ ಮೇಲೇ ದೊಡ್ಡದಾಗಿ "ವಾಸ್ಕೋ ಮಕ್ಕಳಿಗೆ" ಎಂದು ಬರೆಯಿರಿ.

ಒಂದು ಜಾಹೀರಾತನ್ನು ಏಳು ದಿನ ಮುಟ್ಟದೆ ಬಿಡಿ. ನಡುವೆ ಬದಲಿಸಿದರೆ ಯಾರಿಗೆ ತೋರಿಸಬೇಕೆಂದು ಅದು ಕಲಿತದ್ದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಮೇಲೆ ಲೆಕ್ಕ ಹಾಕಿ. ಜಾಹೀರಾತಿಗೆ 2000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 360, ಒಟ್ಟು 2360. ಬಂದದ್ದು 40 ಸಂದೇಶ, 8 ಆರ್ಡರ್ ಎಂದಿಟ್ಟುಕೊಂಡರೆ ಒಂದು ಆರ್ಡರ್‌ಗೆ 295 ರೂಪಾಯಿ ಬಿತ್ತು. ನಿಮಗೆ ಒಂದು ಆರ್ಡರ್‌ನಲ್ಲಿ ಉಳಿಯುವುದು 150 ಆದರೆ, ಅದೇ ಗಿರಾಕಿ ಮತ್ತೆ ಮತ್ತೆ ಬರುವ ಊಟದ ಡಬ್ಬದಂಥ ವ್ಯಾಪಾರ ಅಲ್ಲವಾದರೆ, ನಿಲ್ಲಿಸಿ. ಜಿಎಸ್‌ಟಿ ನೋಂದಣಿ ಇರುವವರು ಜಾಹೀರಾತು ಖಾತೆಯಲ್ಲಿ ಆ ನಂಬರ್ ಹಾಕಿದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟಿದ ಆ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ಸಣ್ಣ ವ್ಯಾಪಾರಿಗಳ ಕಾಂಪೋಸಿಶನ್ ಯೋಜನೆಯಲ್ಲಿರುವವರಿಗೆ ಸಿಗುವುದಿಲ್ಲ.

ಇದ್ದಕ್ಕಿದ್ದಂತೆ ದೊಡ್ಡ ಆರ್ಡರ್, ಜೊತೆಗೆ ಒಂದು ಕ್ಯೂಆರ್

ಪರಿಚಯವಿಲ್ಲದ ನಂಬರ್, "ಸೇನೆಯ ಅಧಿಕಾರಿ" ಎಂಬ ಪರಿಚಯ, ಐವತ್ತು ಊಟ ಅಥವಾ ಇಪ್ಪತ್ತು ಸೀರೆ, ಚೌಕಾಸಿಯೇ ಇಲ್ಲ. ಮುಂಗಡ ಕಳಿಸುತ್ತೇನೆಂದು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿಸುತ್ತಾರೆ. ದುಡ್ಡು ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡುವುದಾಗಲಿ ಯುಪಿಐ ಪಿನ್ ಒತ್ತುವುದಾಗಲಿ ಎಂದೂ ಬೇಕಿಲ್ಲ. ಪಿನ್ ಕೇಳಿದರೆ ನಿಮ್ಮ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಹೋಗಿಬಿಟ್ಟಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳಿದರೆ ದುಡ್ಡನ್ನು ಮಧ್ಯದಲ್ಲಿ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಖಾತೆ ನಮ್ಮದು, ಒಳಗೆ ಹೋಗಲಾಗುತ್ತಿಲ್ಲ

ಎರಡು ಬಗೆ ಇದೆ. ಪೇಜ್ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋಗಿ, ಪೇಜ್ ಅವನ ಹೆಸರಿನಲ್ಲೇ ಉಳಿದಿರುವುದು ಮೊದಲನೆಯದು. ಜಗಳಕ್ಕೆ ಹೋಗದೆ ಮೊದಲು ಅವನಿಗೇ ಫೋನ್ ಮಾಡಿ. ಫೇಸ್‌ಬುಕ್ ಪೇಜಿನ "ಪೇಜ್ ಆಕ್ಸೆಸ್"ನಲ್ಲಿ ನಿಮಗೆ ಪೂರ್ತಿ ಹಿಡಿತ ಕೊಡಲು ಅವನಿಗೆ ಕೆಲವೇ ನಿಮಿಷ ಸಾಕು. ಸಿಕ್ಕಿದ ದಿನವೇ ಮನೆಯ ಇನ್ನೊಬ್ಬ ನಂಬಿಗಸ್ತರಿಗೂ ಅದೇ ಹಿಡಿತ ಕೊಡಿ. ಒಬ್ಬರ ಪ್ರೊಫೈಲ್ ಹೋದರೂ ಪೇಜ್ ಉಳಿಯುತ್ತದೆ. ಪಾಸ್‌ವರ್ಡ್ ಹಂಚಿಕೊಳ್ಳುವುದು ಬೇಡ, ಕೆಲಸದವರಿಗೆ ಬೇಕಾದಷ್ಟೇ ಹಿಡಿತ ಕೊಟ್ಟು, ಬಿಟ್ಟುಹೋದ ದಿನ ತೆಗೆಯಿರಿ.

ಎರಡನೆಯದು ಕಳ್ಳತನ. "ಕಾಪಿರೈಟ್ ಉಲ್ಲಂಘನೆ, 24 ಗಂಟೆಯಲ್ಲಿ ಖಾತೆ ಅಳಿಯುತ್ತದೆ" ಅಥವಾ "ನೀಲಿ ಟಿಕ್ ಸಿಕ್ಕಿದೆ" ಎಂಬ ಮೆಸೇಜಿನ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದಾಗ ಆಗುವುದು. ನಿಜವಾದ ಎಚ್ಚರಿಕೆ ಅಕೌಂಟ್ ಸ್ಟೇಟಸ್‌ನಲ್ಲೇ ಕಾಣುತ್ತದೆ. ಖಾತೆ ಹೋಗಿದ್ದರೆ ಈ ಕ್ರಮದಲ್ಲಿ ನಡೆಯಿರಿ:

1. ಇಮೇಲ್ ಇನ್ನೂ ನಿಮ್ಮ ಕೈಯಲ್ಲಿದ್ದರೆ ಅದರ ಪಾಸ್‌ವರ್ಡ್ ಮೊದಲು ಬದಲಿಸಿ. ಇಮೇಲ್ ಹೋದರೆ ಉಳಿದದ್ದೂ ಹೋಗುತ್ತದೆ.
2. ಇಮೇಲ್ ವಿಳಾಸ ಬದಲಾಗಿದೆ ಎಂದು ಇನ್‌ಸ್ಟಾಗ್ರಾಂ ಕಳಿಸಿದ ಪತ್ರ ಹುಡುಕಿ. ಆ ಬದಲಾವಣೆಯನ್ನು ಹಿಂತೆಗೆಯುವ ಕೊಂಡಿ ಅದರಲ್ಲಿರುತ್ತದೆ.
3. ಅದಾಗದಿದ್ದರೆ ಲಾಗಿನ್ ಪರದೆಯ ಸಹಾಯದಿಂದ ಹೋಗಿ. ನಿಮ್ಮ ಮುಖದ ಫೋಟೋ ಖಾತೆಯಲ್ಲಿದ್ದರೆ ಸೆಲ್ಫಿ ವಿಡಿಯೋ ಕೇಳಬಹುದು.
4. ವಾಟ್ಸಾಪ್ ಆದರೆ ನಿಮ್ಮ ನಂಬರ್ ಹಾಕಿ ಮತ್ತೆ ಲಾಗಿನ್ ಆಗಿ. ಎಸ್‌ಎಂಎಸ್‌ನ ಆರು ಅಂಕಿ ಹಾಕಿದರೆ ಕಳ್ಳ ಹೊರಬೀಳುತ್ತಾನೆ. ಅವನು ಟು-ಸ್ಟೆಪ್ ಪಿನ್ ಹಾಕಿಟ್ಟಿದ್ದರೆ ಏಳು ದಿನ ಕಾಯಬೇಕಾಗುತ್ತದೆ.
5. ಈ ನಡುವೆ ಬೇರೆ ನಂಬರಿನಿಂದ ಗಿರಾಕಿಗಳಿಗೆ ತಿಳಿಸಿ: "ನಮ್ಮ ಹೆಸರಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ."

ಇಲ್ಲಿಗೆ ನಿಲ್ಲಿಸಿ ಸಹಾಯ ಪಡೆಯಬೇಕಾದ ಸಂದರ್ಭಗಳಿವೆ. ಜಾಹೀರಾತು ಖಾತೆಯಿಂದ ಕಾರ್ಡಿಗೆ ದುಡ್ಡು ಬೀಳುತ್ತಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ. ಗಿರಾಕಿಗಳ ದುಡ್ಡು ಹೋಗಿದ್ದರೆ, ಬೆದರಿಕೆ ಬಂದಿದ್ದರೆ, ಹೆಣ್ಣುಮಕ್ಕಳ ಫೋಟೋ ದುರುಪಯೋಗವಾಗಿದ್ದರೆ ಸೈಬರ್ ಪೊಲೀಸರಿಗೆ ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ಬರೆದು ಹಾಕಬಹುದು. ಸ್ಕ್ರೀನ್‌ಶಾಟ್‌ಗಳಲ್ಲಿ ದಿನಾಂಕ, ಹೊತ್ತು ಕಾಣಲಿ, ಏನನ್ನೂ ಅಳಿಸಬೇಡಿ. ಆ್ಯಪ್ ಕಂಪನಿಯ ಗ್ರೀವೆನ್ಸ್ ಆಫೀಸರ್ (ದೂರು ಕೇಳುವ ಅಧಿಕಾರಿ) ಕೊಟ್ಟ ಉತ್ತರ ಸರಿಕಾಣದಿದ್ದರೆ 30 ದಿನದೊಳಗೆ ಕೇಂದ್ರ ಸರಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು. "ಹ್ಯಾಕ್ ಆದ ಖಾತೆ ವಾಪಸ್ ಕೊಡಿಸುತ್ತೇವೆ" ಎಂದು ಕಾಮೆಂಟಿನಲ್ಲಿ ಬರುವವರು ಎರಡನೆಯ ಕಳ್ಳರು.

ನಾಲ್ಕು ಕಡೆ ಖಾತೆ, ಒಂದೂ ನಡೆಯುತ್ತಿಲ್ಲ

ಕೊನೆಯ ಪೋಸ್ಟ್ ಎಂಟು ತಿಂಗಳ ಹಿಂದಿನದು ಎಂದು ಕಂಡರೆ ಅಂಗಡಿ ಮುಚ್ಚಿದೆ ಎಂದೇ ಜನ ತಿಳಿಯುತ್ತಾರೆ. ಒಬ್ಬರೇ ನಡೆಸುವ ಅಂಗಡಿಗೆ ಎರಡು ಖಾತೆ ಸಾಕು: ಹೊಸಬರು ಹುಡುಕಿ ಬರಲು ಒಂದು, ಬಂದವರನ್ನು ಉಳಿಸಿಕೊಳ್ಳಲು ಒಂದು. ಎರಡನೆಯದು ಬಹುತೇಕ ಯಾವಾಗಲೂ ವಾಟ್ಸಾಪ್.

ಮೊದಲನೆಯದನ್ನು ಗಿರಾಕಿ ಹೇಗೆ ಕೊಳ್ಳುತ್ತಾನೆ ಎಂಬುದರಿಂದ ಆರಿಸಿ. ಹಸಿವಾದಾಗ, ಹೊಲಿಗೆ ಬಿಚ್ಚಿದಾಗ, ಹಲ್ಲು ನೋವು ಬಂದಾಗ ಹುಡುಕುವಂಥದ್ದಾದರೆ ಗೂಗಲ್ ಪ್ರೊಫೈಲ್. ಕಣ್ಣಿಗೆ ಬಿದ್ದು ಆಸೆ ಹುಟ್ಟಬೇಕಾದ ಸೀರೆ, ಕೇಕ್, ಆಭರಣ, ಹೋಮ್‌ಸ್ಟೇಗೆ ಇನ್‌ಸ್ಟಾಗ್ರಾಂ. ಮದುವೆ ಅಡುಗೆಯವರು, ಪುರೋಹಿತರು, ಹಿರಿಯರು ತೀರ್ಮಾನ ಮಾಡುವ ಕೆಲಸಗಳಿಗೆ ಫೇಸ್‌ಬುಕ್ ಇನ್ನೂ ನಡೆಯುತ್ತದೆ. ಮುಂಬೈ, ಪುಣೆಯ ಕನ್ನಡ ಸಂಘಗಳ, ಜಾತಿ ಸಂಘಗಳ ಜನ ಅಲ್ಲಿದ್ದಾರೆ. ಸಂಗೀತ, ಯಕ್ಷಗಾನ, ಭರತನಾಟ್ಯ ಕಲಿಸುವವರಿಗೆ ಯೂಟ್ಯೂಬ್, ಏಕೆಂದರೆ ಗುರುವಿನ ವಿದ್ಯೆ ಹತ್ತು ನಿಮಿಷ ಕೇಳಿದರಷ್ಟೇ ತಿಳಿಯುತ್ತದೆ. ಪುಣೆಯ ಹಿಂಜವಾಡಿಯ ಆಫೀಸುಗಳಿಗೆ ಊಟ ಒದಗಿಸುವವರು ಲಿಂಕ್ಡ್‌ಇನ್ ನೋಡಬಹುದು, ಅಲ್ಲಿ ಗಿರಾಕಿ ಎಂದರೆ ಅಡ್ಮಿನ್ ವಿಭಾಗದವರು.

ಇದರಲ್ಲಿ ಗೊಂದಲವಾದರೆ ಮುಂದಿನ ಮೂವತ್ತು ಹೊಸ ಗಿರಾಕಿಗಳನ್ನು "ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?" ಎಂದು ಕೇಳಿ, ಗಲ್ಲಾದ ಪಕ್ಕದ ಹಾಳೆಯಲ್ಲಿ ಗೆರೆ ಎಳೆಯಿರಿ. ವಾಟ್ಸಾಪ್‌ನ ಲೇಬಲ್ ಬಳಸಿಯೂ ಗುರುತಿಸಬಹುದು. ಯಾವ ಆ್ಯಪಿನ ಅಂಕಿಅಂಶವೂ ಈ ಹಾಳೆಯಷ್ಟು ನೇರವಾಗಿ ಹೇಳುವುದಿಲ್ಲ.

ಬಿಡಬೇಕೆಂದ ಖಾತೆಯನ್ನು ಅಳಿಸಬೇಡಿ. ಅಳಿಸಿದರೆ ಆ ಹೆಸರನ್ನು ಬೇರೆಯವರು ತೆಗೆದುಕೊಂಡು ನಿಮ್ಮ ಗಿರಾಕಿಗಳನ್ನೇ ಮೋಸಗೊಳಿಸಬಹುದು. "ಈಗ ಇಲ್ಲಿ ಸಿಗುತ್ತೇವೆ" ಎಂದು ವಾಟ್ಸಾಪ್ ಲಿಂಕ್ ಸಮೇತ ಒಂದು ಪೋಸ್ಟ್ ಹಾಕಿ ಮೇಲಕ್ಕೆ ಪಿನ್ ಮಾಡಿ, ಸಂದೇಶಕ್ಕೆ ಅದೇ ಉತ್ತರ ತಾನಾಗಿ ಹೋಗುವಂತೆ ಇಡಿ, ಟು-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಬೀಗ) ಹಾಕಿ, ಫೋನ್ ಕಳೆದರೂ ಒಳಗೆ ಹೋಗಲು ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಗುಮಾಸ್ತಾ ಲೈಸೆನ್ಸ್ ಇಡುವ ಫೈಲಿನಲ್ಲೇ ಇಡಿ.